ಹೊಸ ಕಾರು, ಐದು ಸಲ ಸರ್ವಿಸ್ ಸೆಂಟರ್, ತೊಂದರೆ ಮಾತ್ರ ಹಾಗೇ ಇದೆ. ಏನು ಮಾಡಲಿ?

ಹಾಸನದಿಂದ ಪ್ರಶ್ನೆ:

ಕಾರು ತಗೊಂಡು 14 ತಿಂಗಳಾಯಿತು. ಟರ್ಬೊ ಪೆಟ್ರೋಲ್, 21,000 ಕಿಲೋಮೀಟರ್ ಓಡಿದೆ. ಮಂಗಳೂರಿನಿಂದ ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತುವಲ್ಲಿ ಇದ್ದಕ್ಕಿದ್ದಂತೆ ಎಳೆತ ಹೋಗುತ್ತದೆ. ಇಂಜಿನ್ ದೀಪ ಹತ್ತುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ 40ರ ಮೇಲೆ ಹೋಗುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಹಿಂದೆ ಲಾರಿಗಳು, ಕಾರಿನಲ್ಲಿ ಅಮ್ಮ ಮತ್ತು ಮಕ್ಕಳು. ತುಂಬಾ ಭಯವಾಗುತ್ತದೆ. ಐದು ಸಲ ಸರ್ವಿಸ್ ಸೆಂಟರಿಗೆ ಬಿಟ್ಟೆ. ಒಂದು ಸಲ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಒಂದು ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು, ಇನ್ನೊಂದು ಸಲ ಪೆಟ್ರೋಲ್ ಸರಿಯಿಲ್ಲ ಅಂದರು. ಈಗ 'ಓಡಿಸಿ ನೋಡಿದೆವು, ಏನೂ ಇಲ್ಲ, ನಾರ್ಮಲ್' ಅನ್ನುತ್ತಿದ್ದಾರೆ. ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ಮೊದಲು ನಿಮ್ಮ ಐದೂ ಜಾಬ್ ಕಾರ್ಡ್ (ಕಾರು ಬಿಡುವಾಗ ತೊಂದರೆ ಬರೆದು ಸಹಿ ಹಾಕಿಸಿಕೊಳ್ಳುವ ಕಾಗದ) ತೆಗೆದು ಓದಿ. ನೀವು ಬಾಯಲ್ಲಿ ಹೇಳಿದ್ದು ಅದರಲ್ಲಿ ಇದೆಯಾ ನೋಡಿ. ನನ್ನದರಲ್ಲಿ ಇರಲಿಲ್ಲ.

ನಮ್ಮದು ಬೇರೆ ಥರದ ತೊಂದರೆ. ಎಂಟು ತಿಂಗಳ ಕಾರು. ಓಡುತ್ತಾ ಓಡುತ್ತಾ ಪವರ್ ವಿಂಡೋ ನಿಂತುಬಿಡುತ್ತಿತ್ತು, ಮೀಟರಿನಲ್ಲಿ ಏನೇನೋ ದೀಪಗಳು ಹತ್ತುತ್ತಿದ್ದವು. ಬೆಳಿಗ್ಗೆ ನೋಡಿದರೆ ಎಲ್ಲ ಸರಿ. ನಾಲ್ಕು ಸಲ ಬಿಟ್ಟೆ. ಬ್ಯಾಟರಿ ಬದಲಾಯಿಸಿದರು, ಸ್ವಿಚ್ ಬದಲಾಯಿಸಿದರು. ಕಾರ್ಡಿನಲ್ಲಿ ಇದ್ದದ್ದು 'ಎಲೆಕ್ಟ್ರಿಕಲ್ ಚೆಕ್', ಅಷ್ಟೇ. ನಾನು ಹೇಳುತ್ತಿದ್ದದ್ದು ಸರ್ವಿಸ್ ಅಡ್ವೈಸರ್ ಹತ್ತಿರ. ಕಾರು ಬಿಚ್ಚುವವರು ಒಳಗೆ ಇರುತ್ತಾರೆ, ಅವರಿಗೆ ಸಿಗುವುದು ಆ ಎರಡು ಪದ ಮಾತ್ರ. ಅವರಾದರೂ ಏನು ಹುಡುಕಬೇಕು ಹೇಳಿ?

ಆಮೇಲೆ ಒಂದು ಸಣ್ಣ ನೋಟ್‌ಬುಕ್ ಕಾರಿನಲ್ಲೇ ಇಟ್ಟೆ. ತೊಂದರೆ ಬಂದಾಗಲೆಲ್ಲ ದಿನಾಂಕ, ಕಿಲೋಮೀಟರ್, ಎಷ್ಟು ಹೊತ್ತು ಓಡಿಸಿದ್ದೆ, ಎಸಿ ಇತ್ತಾ, ಮಳೆ ಇತ್ತಾ ಅಂತ ಬರೆದೆ. ಮೂರು ವಾರಕ್ಕೆ ಗೊತ್ತಾಯಿತು: ಎಸಿ ಹಾಕಿ ಸುಮಾರು ಒಂದು ಗಂಟೆ ಓಡಿಸಿದ ಮೇಲೆಯೇ ಬರುತ್ತಿತ್ತು. ಐದನೇ ಸಲ ಹೋದಾಗ ನನ್ನ ಮಾತುಗಳನ್ನು ಹಾಗೇ ಬರೆಸಿದೆ. ಬರೆಯದೆ ಸಹಿ ಹಾಕುವುದಿಲ್ಲ ಅಂದೆ. ಟೆಕ್ನಿಶಿಯನ್ ನನ್ನ ಜೊತೆ ಕಾರಿನಲ್ಲಿ ಬರಲಿ ಅಂತಲೂ ಕೇಳಿದೆ. ಒಬ್ಬ ಹುಡುಗ ಬಂದ. ಮಂಡ್ಯಕ್ಕೆ ಹೋಗಿ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಕಿಟಕಿ ನಿಂತಿತು. ಅವನು ಅಲ್ಲೇ ಬಗ್ಗಿ ಮ್ಯಾಟ್ ಕೆಳಗೆ ಕೈ ಹಾಕಿದ. ಒದ್ದೆ! ಎಸಿಯ ನೀರು ಹೊರಗೆ ಹೋಗುವ ಪೈಪಿನಲ್ಲಿ ಕಸ ಕಟ್ಟಿಕೊಂಡು, ನೀರು ಕಾರ್ಪೆಟ್ ಅಡಿಯಲ್ಲಿ ವೈರಿಂಗ್ ಕನೆಕ್ಟರಿಗೆ ಹರಿಯುತ್ತಿತ್ತು. ರಾತ್ರಿ ನಿಲ್ಲಿಸಿದಾಗ ಒಣಗುತ್ತಿತ್ತು. ಪೈಪ್ ಕ್ಲೀನ್ ಮಾಡಿ, ಕನೆಕ್ಟರ್ ಬದಲಾಯಿಸಿ ಅರ್ಧ ದಿನದಲ್ಲಿ ಕಾರು ಕೊಟ್ಟರು. ಆ ಹುಡುಗನಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ನಾಲ್ಕು ಸಲವೂ ನಾನು ಹೇಳಿದ್ದು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ನೀವು 'ಪಿಕಪ್ ಇಲ್ಲ' ಅಂತ ಬರೆಸಬೇಡಿ. 'ಘಾಟಿ ಹತ್ತುವಾಗ, ಇಂಜಿನ್ ಬಿಸಿ ಇದ್ದಾಗ, ಇಷ್ಟು ಜನ ಇದ್ದಾಗ, ಈ ಗೇರಿನಲ್ಲಿ' ಅಂತ ಬರೆಸಿ. ಪಕ್ಕದಲ್ಲಿ ಕೂತವರು ಮೀಟರಿನ ವಿಡಿಯೋ ತೆಗೆಯಲಿ.

ಹುಬ್ಬಳ್ಳಿಯಿಂದ:

ನಾನು ಗ್ಯಾರೇಜ್ ನಡೆಸುವವನು. ನಿಮ್ಮ ಕಾರನ್ನು ನೋಡದೆ ಇದೇ ಅಂತ ಹೇಳಲಾರೆ, ಆದರೆ ಒಂದು ಮಾತು ಹೇಳಬಹುದು. ಟರ್ಬೊ ಗಾಳಿಯನ್ನು ಒತ್ತಿ, ಅದನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಮೂಲಕ ಇಂಜಿನಿಗೆ ಕಳಿಸುತ್ತದೆ. ಆ ದಾರಿಯ ಪೈಪಿನಲ್ಲಿ ಸಣ್ಣ ಸೀಳು ಇದ್ದರೆ ಅಥವಾ ಕ್ಲಿಪ್ ಸಡಿಲ ಇದ್ದರೆ ಸಪಾಟು ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಒತ್ತಡ ಜಾಸ್ತಿ ಆದಾಗ ಮಾತ್ರ ಬಾಯಿ ಬಿಟ್ಟು ಗಾಳಿ ಸೋರುತ್ತದೆ. ಕೇಳಿದಷ್ಟು ಗಾಳಿ ಬರುತ್ತಿಲ್ಲ ಅಂತ ಕಂಪ್ಯೂಟರಿಗೆ ಗೊತ್ತಾಗಿ, ಇಂಜಿನ್ ಉಳಿಸಲು ಪವರ್ ಕಡಿತ ಮಾಡುತ್ತದೆ. ಇದಕ್ಕೇ ಲಿಂಪ್ ಮೋಡ್ ಅನ್ನುವುದು. ಆಫ್ ಮಾಡಿ ಆನ್ ಮಾಡಿದರೆ ಹಲವು ಕಾರುಗಳಲ್ಲಿ ಬಿಟ್ಟುಹೋಗುತ್ತದೆ. ಸೆನ್ಸರ್, ಟರ್ಬೊದ ಒತ್ತಡ ನಿಯಂತ್ರಿಸುವ ಆಕ್ಚುಯೇಟರ್, ಇಲಿ ಕಡಿದ ವೈರು ಕೂಡ ಇದೇ ಲಕ್ಷಣ ತೋರಿಸಬಹುದು.

ಸ್ಮೋಕ್ ಟೆಸ್ಟ್ ಮಾಡಿ ಅಂತ ಕೇಳಿ. ಪೈಪಿಗೆ ಹೊಗೆ ತುಂಬಿ ಎಲ್ಲಿ ಸೋರುತ್ತದೆ ನೋಡುವುದು, ದೊಡ್ಡ ಕೆಲಸವೇನಲ್ಲ. ಇನ್ನೊಂದು, ದೀಪ ಹತ್ತಿದ ಮೇಲೆ ಕಾರಿನ ಕಂಪ್ಯೂಟರಿನಲ್ಲಿ ಉಳಿಯುವ ದೋಷದ ಕೋಡ್ ಅಳಿಸಲು ಬಿಡಬೇಡಿ, ಮೊದಲು ಪ್ರಿಂಟ್ ತೆಗೆಸಿ. ಕೋಡಿನ ಜೊತೆ ಆ ಗಳಿಗೆಯ ಸ್ಪೀಡ್, ಆರ್‌ಪಿಎಂ, ಇಂಜಿನ್ ಬಿಸಿ ಎಲ್ಲ ದಾಖಲಾಗಿರುತ್ತದೆ, ಅದನ್ನು ಫ್ರೀಜ್ ಫ್ರೇಮ್ ಅನ್ನುತ್ತಾರೆ. ಅಳಿಸಿದರೆ ಅದೂ ಹೋಗುತ್ತದೆ. ಹೊರಗಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಬರೀ ಓದಿಸಿಕೊಳ್ಳಬಹುದು. ಏನನ್ನೂ ಬಿಚ್ಚಿಸಬೇಡಿ, ವಾರಂಟಿ ತಕರಾರು ಬರುತ್ತದೆ. ಟೆಸ್ಟ್ ಮಾಡುವಾಗ ಒಬ್ಬರೇ ಹೋಗದೆ, ದಿನಾ ಇರುವಷ್ಟೇ ಭಾರ ಹಾಕಿ ಹೋಗಿ.

ಮಂಗಳೂರಿನಿಂದ:

ವಾರಂಟಿ ಕೊಡುವುದು ಕಂಪನಿ, ಡೀಲರ್ ಅಲ್ಲ. ಅದೇ ಕಂಪನಿಯ ಬೇರೆ ಊರಿನ ಸರ್ವಿಸ್ ಸೆಂಟರಿಗೂ ಬಿಡಬಹುದು. ನನ್ನ ತಮ್ಮನ ಕಾರಿನ ಗೇರ್ ತೊಂದರೆ ಹೀಗೇ ಸರಿಹೋಯಿತು. ಘಾಟಿ ಹತ್ತುವ ಕಾರುಗಳನ್ನು ದಿನಾ ನೋಡುವವರ ಹತ್ತಿರ ಒಮ್ಮೆ ತೋರಿಸಿ.

ಬೆಂಗಳೂರಿನಿಂದ:

ನಾನು ಗ್ರಾಹಕರ ಆಯೋಗದವರೆಗೂ ಹೋದವನು. ಫೋನಿನಲ್ಲಿ ಮಾತಾಡಿ ಎರಡು ವರ್ಷ ಕಳೆದೆ, ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ನೀವು ಇವತ್ತೇ ಡೀಲರಿಗೂ ಕಂಪನಿಯ ಕಸ್ಟಮರ್ ಕೇರಿಗೂ ಒಂದೇ ಇಮೇಲ್ ಕಳಿಸಿ. ಐದು ಭೇಟಿಯ ದಿನಾಂಕ ಹಾಕಿ. ಕಂಪನಿಯ ಇಂಜಿನಿಯರ್ ಬಂದು ನೋಡಲಿ ಅಂತ ಕೇಳಿ. 'ನಾರ್ಮಲ್' ಅನ್ನುವುದಾದರೆ ಅದನ್ನೇ ಬರೆದು ಕೊಡಲಿ. ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಅದೂ ಆಗದಿದ್ದರೆ ಜಿಲ್ಲಾ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಅಲ್ಲೇ. 10ರಿಂದ 20 ಲಕ್ಷದ ಕಾರಾದರೆ ಶುಲ್ಕ 400 ರೂಪಾಯಿ. ವಕೀಲರು ಬೇಕೇಬೇಕು ಅಂತಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು, ಇದನ್ನು ಮರೆಯಬೇಡಿ. ಡೀಲರ್ ಮತ್ತು ಕಂಪನಿ, ಇಬ್ಬರನ್ನೂ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ನಾನು ಮಾಡಿದ ತಪ್ಪು ಅಂದರೆ 'ಹೊಸ ಕಾರೇ ಕೊಡಿ' ಅಂತ ಮಾತ್ರ ಕೇಳಿದ್ದು. ತಯಾರಿಕೆಯ ದೋಷ ಅನ್ನಲು ತಜ್ಞರ ವರದಿ ಎಲ್ಲಿದೆ ಅಂದರು. ನನ್ನ ಹತ್ತಿರ ಇರಲಿಲ್ಲ. ವಾರಂಟಿ ಅಂದರೆ ಕೆಟ್ಟ ಭಾಗವನ್ನು ಸರಿ ಮಾಡುವ ಅಥವಾ ಬದಲಾಯಿಸುವ ಮಾತು, ಇಡೀ ಕಾರನ್ನಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಒಂದು ಕಾರಿನ ಪ್ರಕರಣದಲ್ಲಿ ಹೇಳಿದೆ. ಅಮೆರಿಕದಲ್ಲಿ ಪದೇ ಪದೇ ಕೆಡುವ ಹೊಸ ಕಾರುಗಳಿಗೆಂದೇ ಲೆಮನ್ ಕಾನೂನುಗಳಿವೆ, ನಮ್ಮಲ್ಲಿ ಅಂಥದ್ದಿಲ್ಲ. ಕೊನೆಗೆ ನನಗೆ ಸಿಕ್ಕಿದ್ದು ಉಚಿತ ರಿಪೇರಿ ಮತ್ತು ಸ್ವಲ್ಪ ಪರಿಹಾರ. ಮೂರು ವರ್ಷ ಹಿಡಿಯಿತು. ಹಾಗಾಗಿ ರಿಪೇರಿ, ಬದಲಿ, ಹಣ ವಾಪಸ್, ಪರಿಹಾರ ಎಲ್ಲವನ್ನೂ ಒಟ್ಟಿಗೆ ಕೇಳಿ.

ಮೈಸೂರಿನಿಂದ ಮತ್ತೆ:

ಬೆಂಗಳೂರಿನವರು ಹೇಳಿದ್ದು ಸರಿ. ಆದರೆ ಕೇಸಿನ ಮಾತನ್ನು ಮೊದಲ ದಿನವೇ ಎತ್ತಬೇಡಿ ಸರ್. ಎತ್ತಿದ ಕೂಡಲೇ ಅವರು ಕಾರು ನೋಡುವುದು ಬಿಟ್ಟು ಕಾಗದ ನೋಡಲು ಶುರು ಮಾಡುತ್ತಾರೆ. ನಿಮಗೆ ಬೇಕಿರುವುದು ಅಮ್ಮ, ಮಕ್ಕಳನ್ನು ಕೂರಿಸಿಕೊಂಡು ಘಾಟಿ ಹತ್ತುವ ಕಾರು, ಅಲ್ವಾ?

ಹಾಸನದಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಕಾರ್ಡುಗಳನ್ನು ತೆಗೆದು ನೋಡಿದೆ. ಮೂರರಲ್ಲಿ 'ಪಿಕಪ್ ಕಮ್ಮಿ' ಅಂತಿದೆ, ಎರಡರಲ್ಲಿ ಬರೀ 'ಜನರಲ್ ಚೆಕಪ್'. ಘಾಟಿ ಅನ್ನುವ ಪದ ಒಂದರಲ್ಲೂ ಇಲ್ಲ. ಹೆಂಡತಿ ತೆಗೆದ ವಿಡಿಯೋ ಸೇರಿಸಿ ಇಬ್ಬರಿಗೂ ಇಮೇಲ್ ಕಳಿಸಿದೆ. ಬೆಳಿಗ್ಗೆ ಸರ್ವಿಸ್ ಮ್ಯಾನೇಜರ್ ಅವರೇ ಫೋನ್ ಮಾಡಿದರು. ಗುರುವಾರ ಟೆಕ್ನಿಶಿಯನ್ ಸ್ಕ್ಯಾನರ್ ಹಾಕಿಕೊಂಡು ನನ್ನ ಜೊತೆ ಗುಂಡ್ಯದವರೆಗೆ ಇಳಿದು ಮತ್ತೆ ಹತ್ತುತ್ತಾರೆ. ಮನೆಯವರನ್ನು ಕರೆದೊಯ್ಯುವುದಿಲ್ಲ. ಅವರ ಭಾರಕ್ಕೆ ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡು ಹೋಗುತ್ತೇವೆ.