ಪೋಲೆಂಡಿನ ಹಳೆಯ ನಾಣ್ಯಗಳಲ್ಲಿ ಹೀಬ್ರೂ ಅಕ್ಷರಗಳೇಕೆ?

ಬಸವನಗುಡಿ ಓದುಗ: ಮಾನ್ಯರೇ, ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ 12ನೇ ಶತಮಾನದ ಪೋಲೆಂಡಿನ ಬೆಳ್ಳಿ ನಾಣ್ಯವೊಂದರ ಚಿತ್ರ ನೋಡಿದೆ. ಕ್ರೈಸ್ತ ದೊರೆಯ ನಾಣ್ಯದಲ್ಲಿ ಹೀಬ್ರೂ ಅಕ್ಷರಗಳು ಹೇಗೆ ಬಂದವು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಟಂಕಸಾಲೆ: ಅಂಥ ನಾಣ್ಯಗಳಲ್ಲಿ ಹೆಚ್ಚು ಪ್ರಸಿದ್ಧವಾದವು 1202ರಲ್ಲಿ ತೀರಿಕೊಂಡ ಮೂರನೆಯ ಮಿಯೆಷ್ಕೊ ದೊರೆಯವು. ಟಂಕಸಾಲೆಯ ಹೊಣೆ ಯಹೂದಿಗಳ ಕೈಯಲ್ಲಿದ್ದುದರಿಂದ ಅವರ ಲಿಪಿಯೇ ಅಚ್ಚಿಗೂ ಬಂತು. ಕೆಲವುಗಳಲ್ಲಿ ದೊರೆಯ ಹೆಸರು, ಕೆಲವುಗಳಲ್ಲಿ ಅಬ್ರಹಾಮನಂಥ ಟಂಕಾಧಿಕಾರಿಯ ಹೆಸರು, ಇನ್ನು ಕೆಲವುಗಳಲ್ಲಿ ಆಶೀರ್ವಚನ ಇದೆ. ದೊರೆಗಳು ಚಲಾವಣೆಯ ನಾಣ್ಯವನ್ನು ಆಗಾಗ ಹಿಂಪಡೆದು, ಅದಕ್ಕೆ ಬದಲಾಗಿ ಕಡಿಮೆ ಸಂಖ್ಯೆಯ ಹೊಸ ನಾಣ್ಯಗಳನ್ನು ಕೊಟ್ಟು ಲಾಭ ಪಡೆಯುತ್ತಿದ್ದುದರಿಂದ ಅಚ್ಚುಗಳ ವೈವಿಧ್ಯ ಬೆರಗು ಹುಟ್ಟಿಸುವಷ್ಟಿದೆ.

ಮಲ್ಲೇಶ್ವರದ ಸಂಗ್ರಾಹಕಿ: ಇವನ್ನು ಬ್ರಾಕ್ಟಿಯೇಟ್ ಎನ್ನುತ್ತಾರೆ. ತೆಳು ತಗಡಿಗೆ ಒಂದೇ ಬದಿಯಿಂದ ಅಚ್ಚೊತ್ತುವುದರಿಂದ ಮುಂಬದಿಯಲ್ಲಿ ಉಬ್ಬಿದ ಅಕ್ಷರವು ಹಿಂಬದಿಯಲ್ಲಿ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತದೆ. ಆದ್ದರಿಂದ ಚಿತ್ರ ಯಾವ ಬದಿಯದೆಂದು ಮೊದಲು ಗಮನಿಸಿ, ಸರ್. ಹೀಬ್ರೂವನ್ನು ಬಲದಿಂದ ಎಡಕ್ಕೆ ಓದಬೇಕು.

ಹಳೇ ಪಗೋಡ: ನಮ್ಮಲ್ಲಿಯೂ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಹೈದರ್ ಅಲಿಯ ಚಿನ್ನದ ಪಗೋಡಗಳ ಒಂದು ಬದಿಯಲ್ಲಿ ಶಿವಪಾರ್ವತಿಯರಿದ್ದಾರೆ, ಇನ್ನೊಂದು ಬದಿಯಲ್ಲಿ ಅವನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವಿದೆ. ಆದರೆ ಹೈದರ್ ಜನರಿಗೆ ಪರಿಚಿತವಾದ ಹಿಂದಿನ ಮಾದರಿಯನ್ನೇ ಉಳಿಸಿಕೊಂಡನು. ಪೋಲೆಂಡಿನಲ್ಲಿ ಅಚ್ಚು ಮಾಡಿಸಿದವರ ಲಿಪಿಯೇ ನಾಣ್ಯಕ್ಕೇರಿತು. ಈ ವ್ಯತ್ಯಾಸ ಮುಖ್ಯವೆಂದು ನನ್ನ ಅಭಿಪ್ರಾಯ.