'ಉಪವಾಸ ಪ್ರಾರ್ಥನೆ' ಒಂದು ಪದವೋ ಎರಡೋ? ಜೊತೆಗೆ 'ಉಪವಾಸ ಇರು', 'ಮಾಡು', 'ಬಿಡು' ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಚರ್ಚಿನ ಸಭೆಗಾಗಿ ಲೆಂಟ್ ಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ಕಾಲ) ಒಂದು ಸಣ್ಣ ಕೈಪಿಡಿಯ ಕನ್ನಡ ತಿದ್ದುತ್ತಿದ್ದೇನೆ. ಅದರಲ್ಲಿ ಪುಟಪುಟಕ್ಕೂ ಬರುವ ಮಾತು 'ಉಪವಾಸ ಪ್ರಾರ್ಥನೆ'. ಇದರ ಬಗ್ಗೆ ಕೆಲವು ಸಂದೇಹಗಳಿವೆ, ಬಲ್ಲವರು ಹೇಳಬೇಕು.

ಮೊದಲು ಜೋಡಣೆಯ ವಿಷಯ. ಚರ್ಚಿನ ಬೋರ್ಡಿನಲ್ಲಿ 'ಶುಕ್ರವಾರ ಬೆಳಿಗ್ಗೆ 10.30ಕ್ಕೆ ಉಪವಾಸ ಪ್ರಾರ್ಥನೆ' ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ. ಅದು ಒಂದು ಕೂಟದ ಹೆಸರು. ತಿಂಡಿ ತಿನ್ನದೆ ಬರುತ್ತಾರೆ, ಹಾಡುತ್ತಾರೆ, ಕಾಯಿಲೆ, ಕೆಲಸ, ಮಕ್ಕಳ ಪರೀಕ್ಷೆ ಎಲ್ಲವನ್ನೂ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಆದರೆ ಕೈಪಿಡಿಯಲ್ಲಿ 'ಮನೆಯಲ್ಲಿ ಉಪವಾಸ ಪ್ರಾರ್ಥನೆ ಮಾಡಿರಿ' ಎಂದು ಬಂದಾಗ ಏನರ್ಥ? ಉಪವಾಸವನ್ನೂ ಪ್ರಾರ್ಥನೆಯನ್ನೂ ಮಾಡಿ ಎಂದೋ, ಉಪವಾಸವಿದ್ದು ಪ್ರಾರ್ಥಿಸಿ ಎಂದೋ, ಅಥವಾ ಮನೆಯಲ್ಲಿ ಅಂಥದ್ದೇ ಒಂದು ಕೂಟ ನಡೆಸಿ ಎಂದೋ? ಬೈಬಲಿನ ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಸಭೆ ಉಪವಾಸವಿದ್ದು, ಪ್ರಾರ್ಥಿಸಿ, ಬಾರ್ನಬ ಮತ್ತು ಸೌಲರ (ಮುಂದೆ ಪೌಲ ಎನಿಸಿದವನು) ಮೇಲೆ ಕೈಯಿಟ್ಟು ಕಳಿಸುತ್ತದೆ. ಅಲ್ಲಿ ಅವು ಒಂದರ ಹಿಂದೆ ಒಂದು ಬರುವ ಎರಡು ಕ್ರಿಯೆಗಳು. ಹಾಗಾಗಿ ಒಬ್ಬರೇ ಮನೆಯಲ್ಲಿ ಮಾಡುವುದನ್ನು ಹೇಳುವಾಗ 'ಉಪವಾಸವಿದ್ದು ಪ್ರಾರ್ಥಿಸಿ' ಎಂದು ಬಿಡಿಸಿ ಬರೆಯುವುದೇ ಸರಿ ಎಂದು ನನ್ನ ಅಭಿಪ್ರಾಯ. ಮತ್ತಾಯ 6ರಲ್ಲಿ ಯೇಸು ಹೇಳಿದ್ದೂ ಗುಟ್ಟಿನ ಉಪವಾಸವನ್ನೇ ಅಲ್ವಾ? ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ, ನೋಡಿದವರಿಗೆ ತಿಳಿಯಬಾರದು. ಅದಕ್ಕೆ ಕೂಟದ ಹೆಸರು ಹೊಂದುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಕ್ರಿಯಾಪದ. 'ಉಪವಾಸ ಮಾಡು' ಅಂದರೆ ಬೇಕೆಂದೇ ಊಟ ಬಿಡುವುದು. 'ಉಪವಾಸ ಬೀಳು' ಅಂದರೆ ಗತಿಯಿಲ್ಲದೆ. 'ಉಪವಾಸ ಇರು' ಎರಡಕ್ಕೂ ಆಗುತ್ತದೆ. 'ಮಕ್ಕಳು ರಾತ್ರಿ ಉಪವಾಸ ಮಲಗಿದವು' ಅಂದರೆ ವ್ರತ ಎಂದು ಯಾರೂ ತಿಳಿಯುವುದಿಲ್ಲ. 'ಉಪವಾಸ ವನವಾಸ' ಎಂಬ ಮಾತೂ ಹಾಗೇ. ಕರಡು ನೋಡಿದ ಒಬ್ಬರು ಒಂದು ಸಲಹೆ ಕೊಟ್ಟರು: ಭಕ್ತಿಯಿಂದ ಮಾಡುವುದಕ್ಕೆ ಮಾತ್ರ 'ಉಪವಾಸ' ಇಟ್ಟುಕೊಳ್ಳೋಣ, ಬಡವರ ವಿಷಯ ಬಂದ ಕಡೆ 'ಹಸಿವು' ಎಂದು ಬದಲಿಸೋಣ ಎಂದು. ನಾನು ಇದನ್ನು ಒಪ್ಪಲಾರೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ಇದೇ ಎರಡು ಮುಖ ಇದೆ. ಅಲ್ಲಿನ 'ನೇಸ್ಟೈಯಾ' ಎಂಬ ಪದ ಮೂಲದಲ್ಲಿ ಸುಮ್ನೆ 'ತಿನ್ನದಿರುವುದು', ಅಷ್ಟೇ. ಮಾರ್ಕ 8:3ರಲ್ಲಿ ಜನರನ್ನು ಹೊಟ್ಟೆಗಿಲ್ಲದೆ ಮನೆಗೆ ಕಳಿಸಿದರೆ ದಾರಿಯಲ್ಲಿ ಬಳಲಿ ಬಿದ್ದಾರು ಎಂದು ಯೇಸು ಮರುಗುವಾಗ ಬರುವುದೂ ಅದೇ ಬೇರಿನ ಪದ. ಎರಡನೇ ಕೊರಿಂಥ 11:27ರಲ್ಲಿ ಪೌಲ ತಾನು ಪಟ್ಟ ಪಾಡು ಹೇಳುತ್ತಾ ನಿದ್ದೆಗೇಡು, ಹಸಿವು, ಬಾಯಾರಿಕೆ, ಚಳಿ, ಬಟ್ಟೆಯಿಲ್ಲದಿರುವುದು ಇವುಗಳ ಜೊತೆ ಉಪವಾಸವನ್ನೂ ಸೇರಿಸುತ್ತಾನೆ. ಅದು ವ್ರತವೋ, ಊಟ ಸಿಗದ್ದೋ ಎಂದು ಅನುವಾದಕರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಕನ್ನಡದವರಿಗೆ ಆ ತೊಂದರೆಯೇ ಇಲ್ಲ. 'ಎಷ್ಟೋ ಸಲ ಉಪವಾಸವಿದ್ದೆನು' ಅಂದರೆ ಎರಡೂ ಬಂತು.

ಇದು ಬರೀ ಅನುಕೂಲದ ಮಾತಲ್ಲ. ಯೆಶಾಯ 58ರಲ್ಲಿ ದೇವರು ಕೇಳುವ ಉಪವಾಸ ಯಾವುದು? ನೊಗ ಮುರಿಯುವುದು, ಹಸಿದವನಿಗೆ ಅನ್ನ ಹಂಚುವುದು, ಮನೆಯಿಲ್ಲದವನನ್ನು ಮನೆಗೆ ಕರೆತರುವುದು. ಅಂದರೆ ಒಬ್ಬರು ಉಪವಾಸ ಮಾಡಿದ್ದರಿಂದ ಇನ್ನೊಬ್ಬರು ಉಪವಾಸ ಬೀಳುವುದು ತಪ್ಪಬೇಕು. ಎರಡು ಕಡೆಯೂ ಒಂದೇ ಪದ ಇದ್ದರೆ ಈ ಮಾತು ಎಷ್ಟು ನೇರವಾಗಿ ಎದೆಗೆ ತಾಗುತ್ತದೆ ನೋಡಿ. ಅದನ್ನು ಕೈಯಾರೆ ಬೇರೆ ಮಾಡುವುದು ಯಾಕೆ?

'ಉಪ' ಅಂದರೆ ಹತ್ತಿರ, 'ವಾಸ' ಅಂದರೆ ಇರುವುದು, ಹಾಗಾಗಿ ಉಪವಾಸ ಅಂದರೆ ದೇವರ ಹತ್ತಿರ ಇರುವುದು. ಈ ವಿವರಣೆ ಚರ್ಚಿನಲ್ಲೂ ಮಠದಲ್ಲೂ ಕೇಳಿಬರುತ್ತದೆ. ಕೈಪಿಡಿಯಲ್ಲೂ ಇದೆ. ಯಾಗಗಳನ್ನು ವಿವರಿಸುವ ವೈದಿಕ ಗ್ರಂಥ ಶತಪಥ ಬ್ರಾಹ್ಮಣದ ಆರಂಭದಲ್ಲೇ ಇದಕ್ಕೆ ಹತ್ತಿರದ ಮಾತು ಸಿಗುತ್ತದೆ, ಆದರೆ ದಿಕ್ಕು ಬೇರೆ. ಯಾಗದ ಹಿಂದಿನ ದಿನ ದೇವತೆಗಳು ಯಾಗ ಮಾಡಿಸುವ ಯಜಮಾನನ ಮನೆಗೆ ಬಂದು ಹತ್ತಿರ ಉಳಿಯುತ್ತಾರೆ. ಮನೆಗೆ ಬಂದ ಅತಿಥಿ ಉಣ್ಣುವ ಮೊದಲು ತಾನು ಉಣ್ಣುವುದೇ ಸರಿಯಲ್ಲ, ಇನ್ನು ದೇವತೆಗಳಿಗಿಂತ ಮೊದಲು ಉಣ್ಣುವುದೆಂತು? ಇದು ಅಲ್ಲಿನ ವಾದ. ಕೈಪಿಡಿಯಲ್ಲಿ ಈ ವಿವರಣೆ ಇರಲಿ, ಆದರೆ ಸಂಸ್ಕೃತ ಪದದ್ದು ಎಂದು ಹೇಳಿ ಇರಲಿ. ಬೈಬಲಿನ ಮೂಲಪದಕ್ಕೆ ಈ ಅರ್ಥ ಇದೆ ಎನ್ನುವ ಹಾಗೆ ಬರೆಯಬಾರದು. ಹೀಬ್ರೂವಿನಲ್ಲಿ ಉಪವಾಸಕ್ಕೆ ಇನ್ನೊಂದು ನುಡಿಗಟ್ಟಿದೆ, 'ಪ್ರಾಣವನ್ನು ಕುಗ್ಗಿಸುವುದು'. ಯಾಜಕಕಾಂಡ 16ರಲ್ಲಿ ದೋಷಪರಿಹಾರದ ದಿನಕ್ಕೆ ಹೇಳಿರುವುದು ಅದನ್ನೇ.

ಕಥೋಲಿಕ ಓದುಗರಿಗೆ ಇನ್ನೊಂದು ಪದ ಬೇಕು. ತಪಸ್ಸುಕಾಲದಲ್ಲಿ (ಲೆಂಟಿಗೆ ಅವರ ಹೆಸರು) ಮೊದಲ ದಿನವಾದ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಅವರಿಗೆ ಕಡ್ಡಾಯ ಉಪವಾಸ. 18 ತುಂಬಿದವರಿಂದ 59 ತುಂಬುವವರೆಗೆ. ಆದರೆ ಅದು ಪೂರ್ತಿ ನಿರಾಹಾರವಲ್ಲ. ಒಂದು ಹೊತ್ತು ಸರಿಯಾದ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಸ್ವಲ್ಪ ಏನಾದರೂ. ಮಾಂಸ ಬಿಡುವುದು ಬೇರೆಯೇ ನಿಯಮ, ಅದು 14 ತುಂಬಿದವರಿಂದ ಶುರು. ತಮಿಳು ಕಥೋಲಿಕರು ಒಂದು ಹೊತ್ತಿನ ಊಟದ ಆ ಉಪವಾಸಕ್ಕೆ 'ಒರುಸಂದಿ' ಅನ್ನುತ್ತಾರೆ. ಮಲಯಾಳದ ಕ್ರೈಸ್ತರು ಇಡೀ ಕಾಲಕ್ಕೆ 'ನೋಂಬು', ಊಟ ಬಿಡುವುದಕ್ಕೆ 'ಉಪವಾಸ' ಎಂದು ಬೇರೆ ಮಾಡಿಕೊಂಡಿದ್ದಾರೆ. 'ನೋಂಬು' ಪದದ ಬೇರಿನದೇ ಆದ ನಮ್ಮ 'ನೋಂಪಿ' (ವ್ರತ) ಜೈನರ ಬಳಕೆಯಲ್ಲಿ ಉಳಿದಿದೆ. ನನಗೆ ಹೊಳೆದದ್ದು 'ಒಪ್ಪತ್ತು'. 'ಶನಿವಾರ ಒಪ್ಪತ್ತು ಮಾಡ್ತೀನಿ' ಅಂದರೆ ಹಳ್ಳಿಯಲ್ಲೂ ಪೇಟೆಯಲ್ಲೂ ಅರ್ಥವಾಗುತ್ತದೆ. ಕಥೋಲಿಕ ಮನೆಗಳಲ್ಲಿ ಈ ಪದ ಬಳಕೆಯಲ್ಲಿದೆಯೇ? ಮಾಂಸ ಬಿಡುವ ದಿನಕ್ಕೆ ಹಿರಿಯರು ಏನನ್ನುತ್ತಾರೆ? 'ಮಾಂಸವರ್ಜನೆ' ಪುಸ್ತಕದ ಪದದಂತೆ ಕೇಳುತ್ತದೆ.

ಕೊನೆಗೆ ಉಪವಾಸ ಮುಗಿಸುವ ಕ್ರಿಯೆ. ಕರಡಿನಲ್ಲಿ ಎಲ್ಲ ಕಡೆ 'ಉಪವಾಸ ಮುರಿಯಿರಿ' ಎಂದಿದೆ. ನನ್ನ ಕಿವಿಗೆ 'ಮುರಿ' ಅಂದರೆ ನಡುವೆಯೇ ಕೆಡುವುದು. ಸಕ್ಕರೆ ಕಾಯಿಲೆ ಇರುವವರು 'ಮಾತ್ರೆ ಜೊತೆ ಒಂದು ಲೋಟ ಹಾಲು ಕುಡಿದರೆ ಉಪವಾಸ ಮುರಿಯುತ್ತಾ?' ಎಂದು ಕೇಳುತ್ತಾರಲ್ಲ, ಆ ಅರ್ಥ. ಸಂಜೆ ಪ್ರಾರ್ಥಿಸಿ ಗಂಜಿ ಕುಡಿದರೆ ಅದು 'ಉಪವಾಸ ಬಿಡುವುದು'. ಈ ವ್ಯತ್ಯಾಸ ಎಲ್ಲ ಕಡೆ ಇದೆಯೇ, ಅಥವಾ ನಮ್ಮ ಕಡೆ ಮಾತ್ರವೇ? ಕರಾವಳಿ, ಧಾರವಾಡ, ಬಳ್ಳಾರಿ, ಕೊಳ್ಳೇಗಾಲದ ಕಡೆಯವರು ತಮ್ಮ ಮನೆಯ ಮಾತು ಬರೆದರೆ ಕರಡನ್ನು ಹಾಗೆಯೇ ತಿದ್ದುತ್ತೇನೆ.