ಬೆನ್ನಿಗೆ ಹಾಕಿದ ಸ್ಕ್ರೂ ಜಾಗ ಬಿಟ್ಟಿದೆಯಂತೆ: ಅನುಭವ ಇರುವವರು ತಿಳಿಸಿ

ಪ್ರಶ್ನೆ: ಅಮ್ಮನಿಗೆ 61 ವರ್ಷ. ಸೊಂಟದ ಎಲ್4 ಮತ್ತು ಎಲ್5 ಮೂಳೆಗಳನ್ನು ಸ್ಕ್ರೂ, ರಾಡ್ ಹಾಕಿ ಜೋಡಿಸಿ ಹತ್ತು ತಿಂಗಳಾಯಿತು. ಆರು ತಿಂಗಳು ಚೆನ್ನಾಗಿಯೇ ಓಡಾಡಿಕೊಂಡಿದ್ದರು. ಈಗ ನೋವು ಮರಳಿದೆ. ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಜಾಗ ಬಿಟ್ಟಿದೆ, ಮತ್ತೆ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಳ್ಳಿ ಎಂದಿದ್ದಾರೆ. ಒಪ್ಪಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಅನುಭವ 1: ಎರಡು ಸಲ ಬೆನ್ನು ಕೊಯ್ಯಿಸಿಕೊಂಡವಳು ನಾನು. ಮೊದಲು ಇದನ್ನು ಕೇಳಿಸಿಕೊಳ್ಳಿ. ನಿಮ್ಮ ತಾಯಿಯವರಿಗೆ ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ, ಒಳತೊಡೆ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಯಾರ ಉತ್ತರಕ್ಕೂ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ನರಗಳು ಒತ್ತಿಹೋದಾಗ ಒಂದೊಂದು ಗಂಟೆಗೂ ಬೆಲೆಯಿದೆ.

ಅಂಥದ್ದೇನೂ ಇಲ್ಲವೆಂದರೆ ವಿಚಾರಿಸಿ ತೀರ್ಮಾನಿಸಲು ಸಮಯವಿದೆ. ನನಗೆ ಕುಳಿತಲ್ಲಿಂದ ಏಳುವಾಗ ಪ್ರಾಣ ಹೋದಂತಾಗುತ್ತಿತ್ತು, ಮಲಗಿದರೆ ನೋವು ಇಳಿಯುತ್ತಿತ್ತು. ಮಗ್ಗುಲು ಬದಲಿಸಿದರೆ ಒಳಗೆ ಕಟಕ್ ಎನ್ನುತ್ತಿತ್ತು. ಎಕ್ಸ್‌ರೇಯಲ್ಲಿ ಬೆಳ್ಳಗಿನ ಸ್ಕ್ರೂವಿನ ಸುತ್ತ ಕೂದಲೆಳೆಯಷ್ಟು ಕಪ್ಪು ಅಂಚು. ವೈದ್ಯರು ಪೆನ್ನಿನ ತುದಿಯಲ್ಲಿ ಅದನ್ನು ತೋರಿಸಿ, ಮೂಳೆ ಇಲ್ಲಿ ಹಿಡಿತ ಬಿಟ್ಟಿದೆ ಎಂದರು. ಹಾಗಾದರೆ ಬಿಗಿ ಮಾಡಿಬಿಡಿ ಎಂದೆ. ಅವರು ಅದರಿಂದ ಪ್ರಯೋಜನವಿಲ್ಲ ಎಂಬಂತೆ ತಲೆಯಾಡಿಸಿದರು. ಸ್ಕ್ರೂ, ರಾಡ್ ಎಲ್ಲ ಮೂಳೆಗೆ ಮೂಳೆ ಕೂಡಿಕೊಳ್ಳುವ ತನಕದ ಊರುಗೋಲು. ಮೂಳೆ ಕೂಡದೇ ಹೋದರೆ ಪ್ರತಿ ಹೆಜ್ಜೆಯ ಭಾರವೂ ಲೋಹದ ಮೇಲೆಯೇ ಬಿದ್ದು, ಸ್ಕ್ರೂ ಸಡಿಲವಾಗುತ್ತದೆ ಅಥವಾ ರಾಡ್ ಮುರಿಯುತ್ತದೆ.

ಆದ್ದರಿಂದ ನೀವು ಕೇಳಬೇಕಾದದ್ದು ‘ಮೂಳೆ ಏಕೆ ಕೂಡಲಿಲ್ಲ?’ ಎಂದು. ಅದು ತಿಳಿಯದೆ ಹೊಸ ಸ್ಕ್ರೂ ಹಾಕಿದರೆ ಅದೂ ಹಳೆಯದರ ಹಾದಿ ಹಿಡಿಯಬಹುದು. ಮೂಳೆ ಕೂಡಿದೆಯೇ ಎಂಬುದು ಎಕ್ಸ್‌ರೇಗಿಂತ ಸಿ.ಟಿ. ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜ್ವರವಿಲ್ಲದ ಸೋಂಕೂ ಸ್ಕ್ರೂವನ್ನು ಸಡಿಲಿಸಬಲ್ಲದು, ಹಾಗಾಗಿ ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ ಬೇಕು. ಮುಟ್ಟು ನಿಂತ ಹೆಂಗಸರಿಗಂತೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಆಗಲೇಬೇಕು. ಅದರಲ್ಲಿ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ನನ್ನದು -3.1 ಇತ್ತು, ವಿಟಮಿನ್ ಡಿ ಕೂಡ ಬಹಳ ಕಡಿಮೆ. ಮೊದಲ ಆಪರೇಷನ್‌ಗೆ ಮುಂಚೆ ಇದನ್ನು ಒಬ್ಬರೂ ನೋಡಿರಲಿಲ್ಲ. ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಕೆಲವು ತಿಂಗಳು ಮೂಳೆ ಗಟ್ಟಿಯಾಗುವ ಚುಚ್ಚುಮದ್ದು ತೆಗೆದುಕೊಂಡ ಮೇಲೆ ಎರಡನೆಯ ಆಪರೇಷನ್ ಆಯಿತು. ಈ ಬಾರಿ ದಪ್ಪನೆಯ ಸ್ಕ್ರೂ, ಅದರ ಸುತ್ತ ಮೂಳೆ ಸಿಮೆಂಟ್, ಜೊತೆಗೆ ಮೂಳೆ ಕೂಡಿಕೊಳ್ಳಲೆಂದು ನನ್ನದೇ ಸೊಂಟದ ಮೂಳೆಯಿಂದ ತೆಗೆದು ಇಟ್ಟ ತುಣುಕುಗಳು. ಬೆನ್ನಿಗಿಂತ ಆ ತುಣುಕು ತೆಗೆದ ಜಾಗವೇ ಹೆಚ್ಚು ದಿನ ನೋಯಿಸಿತು. ವರ್ಷದ ನಂತರದ ಸಿ.ಟಿ.ಯಲ್ಲಿ ಮೂಳೆ ಕೂಡಿತ್ತು.

ಅನುಭವ 2: ನನ್ನದೂ ಒಂದು ಸ್ಕ್ರೂ ಸ್ವಲ್ಪ ಹಿಂದಕ್ಕೆ ಸರಿದಿದೆ. ಆದರೆ ಮೂಳೆ ಕೂಡಿದೆ, ನರಕ್ಕೆ ತಾಗುತ್ತಿಲ್ಲ, ನೋವೂ ಇಲ್ಲ. ಹಾಗಾಗಿ ವೈದ್ಯರು ಅದನ್ನು ಮುಟ್ಟಲಿಲ್ಲ. ಆಗಾಗ ಎಕ್ಸ್‌ರೇ ತೆಗೆಸುತ್ತಿದ್ದೇನೆ, ಅಷ್ಟೇ. ಸರಿದ ಸ್ಕ್ರೂಗಳನ್ನೆಲ್ಲ ತೆಗೆಯಲೇಬೇಕೆಂದಿಲ್ಲ. ಇನ್ನೊಬ್ಬ ಬೆನ್ನುಮೂಳೆ ತಜ್ಞರಿಗೆ ಚಿತ್ರಗಳನ್ನು ತೋರಿಸಿ, ಇದರಲ್ಲಿ ಸಂಕೋಚವೇನೂ ಬೇಡ.

ಅನುಭವ 3: ನಮ್ಮ ತಂದೆಯವರಿಗೆ ಮೂಳೆ ಕೂಡದಿರಲು ಬೀಡಿಯೂ ಒಂದು ಕಾರಣ ಎಂದಿದ್ದರು. ನಿಕೋಟಿನ್ ಹೊಸ ಮೂಳೆ ಬೆಳೆಯಲು ಬಿಡುವುದಿಲ್ಲವಂತೆ. ಅದನ್ನು ಬಿಡಿಸಿದ ಮೇಲೆಯೇ ಮರು ಆಪರೇಷನ್ ಮಾಡಿದರು. ಇನ್ನೊಂದು ವಿಷಯ: ಹಳೆಯ ಆಸ್ಪತ್ರೆಯಿಂದ ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಈಗಲೇ ಪಡೆದುಕೊಳ್ಳಿ. ಸ್ಕ್ರೂಗಳ ಕಂಪನಿ, ಅಳತೆ ಇರುವ ಸ್ಟಿಕ್ಕರ್‌ಗಳನ್ನು ಅದರಲ್ಲಿ ಅಂಟಿಸಿರುತ್ತಾರೆ. ಒಂದೊಂದು ಕಂಪನಿಯ ಸ್ಕ್ರೂ ಬಿಚ್ಚಲು ಅದರದ್ದೇ ಉಪಕರಣ ಬೇಕಾಗಬಹುದು. ನಮಗೆ ಆ ಹಾಳೆ ಸಿಗಲು ಮೂರು ವಾರ ಹಿಡಿಯಿತು, ಆಪರೇಷನ್ ಅಷ್ಟು ದಿನ ಮುಂದಕ್ಕೆ ಹೋಯಿತು.